ಇಂಕಮ್ಮನ ಅಕ್ಕ

ಪ್ರಿಂಟರಿಗೆ ಕಣ್ಣಿಲ್ಲ. ಕಾರ್ಟ್ರಿಜ್ಜಿನೊಳಗೆ ಇಂಕು ಇದೆಯೋ ಇಲ್ಲವೋ ಅದಕ್ಕೆ ಕಾಣುವುದಿಲ್ಲ. ಕಾರ್ಟ್ರಿಜ್ಜಿನ ಬೆನ್ನಿಗೆ ಉಗುರಗಲದ ಒಂದು ಚಿಪ್ ಅಂಟಿಸಿರುತ್ತಾರೆ. ಎಷ್ಟು ಅಚ್ಚಾಯಿತು ಎಂದು ಅದು ಎಣಿಸುತ್ತಾ ಇರುತ್ತದೆ. ಎಣಿಕೆ ಮುಗಿದ ದಿನ ‘ಖಾಲಿ’ ಎಂದು ಕೈಯೆತ್ತಿಬಿಡುತ್ತದೆ. ಆಮೇಲೆ ನೀವು ಗಂಟಲಮಟ ಇಂಕು ತುಂಬಿಸಿದರೂ ಅಷ್ಟೇ, ಖಾಲಿ ಎಂದರೆ ಖಾಲಿ. ಹಾಗಾಗಿ ನನ್ನ ಕಸುಬಿನಲ್ಲಿ ಮೊದಲು ಅದರ ಹೊಟ್ಟೆ ತುಂಬಿಸಬೇಕು, ಆಮೇಲೆ ತಲೆ ಖಾಲಿ ಮಾಡಬೇಕು. ಹೊಟ್ಟೆಗೆ ಸಿರಿಂಜು. ತಲೆಗೆ ರೀಸೆಟರ್ ಅಂತ ಬೆರಳುದ್ದದ ಒಂದು ಸಾಧನವಿದೆ; ಅದರ ಮುಳ್ಳುಗಳನ್ನು ಚಿಪ್ಪಿನ ಮೇಲೆ ಒತ್ತಿ ಹಿಡಿದು, ಕೆಂಪು ದೀಪ ಹಸಿರಾಗುವವರೆಗೆ ಉಸಿರು ಬಿಗಿಹಿಡಿದು ಕೂರಬೇಕು. ಹಸಿರಾಯಿತೋ, ಚಿಪ್ ತಾನು ಇವತ್ತೇ ಹುಟ್ಟಿದೆ ಎಂದು ನಂಬಿಬಿಡುತ್ತದೆ. ಮನುಷ್ಯರ ತಲೆಗೂ ಅಂಥದೊಂದು ಬಂದರೆ ಹೇಳಿ, ಮೊದಲು ನಾನೇ ಕೊಳ್ಳುತ್ತೇನೆ.

ಬಚ್ಚಲಿಗೆ ಅಂಟಿಕೊಂಡಿರುವ ಹಿಂದಿನ ಕೋಣೆಯೇ ನನ್ನ ಕಾರ್ಖಾನೆ. ಮೇಜಿನ ಮೇಲೆ ಹಳೆಯ ಪೇಪರು, ಅದರ ಮೇಲೆ ನಾಲ್ಕು ಬಣ್ಣದ ಸೀಸೆಗಳು, ಒಂದೊಂದು ಬಣ್ಣಕ್ಕೆ ಒಂದೊಂದು ಸಿರಿಂಜು. ನೀಲಿಯ ಸೂಜಿ ಹಳದಿಯೊಳಗೆ ಹೋದರೆ ಊರಿನ ಮಕ್ಕಳ ಚಿತ್ರದಲ್ಲೆಲ್ಲ ಸೂರ್ಯ ಹಸಿರಾಗಿ ಹುಟ್ಟುತ್ತಾನೆ, ಅದಕ್ಕೇ ಸಿರಿಂಜುಗಳಿಗೆ ಬಣ್ಣದ ದಾರ ಕಟ್ಟಿದ್ದೇನೆ. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ. ನನ್ನ ಕೈ ಕೆಸರಾಗಲಿಲ್ಲ. ನೀಲಿಯಾಯಿತು, ಕೆಂಪಾಯಿತು, ಕಪ್ಪಂತೂ ಉಗುರಿನ ಸಂದಿಯಲ್ಲಿ ಕಾಯಂ ಆಗಿ ಬಿಡಾರ ಹೂಡಿತು. ಸುತ್ತಲ ಬೀದಿಯವರೆಲ್ಲ ಸೇರಿ ನನಗೆ ಇಂಕಮ್ಮ ಎಂದು ಹೆಸರಿಟ್ಟರು. ಅಮ್ಮ ಎನಿಸಿಕೊಳ್ಳುವ ವಯಸ್ಸು ಆಗ ನನಗೆ ಆಗಿರಲಿಲ್ಲ, ಆದರೂ ಕರೆದರೆ ಓಗೊಡುತ್ತಿದ್ದೆ.

ಹೊರಗಿನ ಕೆಲಸವೆಲ್ಲ ಅಕ್ಕನದು. ಅಮ್ಮ ಹೋದಾಗ ನನಗೆ ಜಡೆ ಹೆಣೆದುಕೊಳ್ಳಲೂ ಬರುತ್ತಿರಲಿಲ್ಲ. ಅಲ್ಲಿಂದ ನನ್ನನ್ನು ಸಾಕಿದವಳು ಅವಳೇ. ಅಪ್ಪ ಇದ್ದೂ ಇಲ್ಲದವರಂತೆ ಒಂದಷ್ಟು ವರ್ಷ ಇದ್ದರು, ಆಮೇಲೆ ನಿಜವಾಗಿಯೂ ಇಲ್ಲವಾದರು. ನನಗೆ ಮೂಗಿನ ತುದಿಯಲ್ಲಿ ಕೋಪ, ಅಕ್ಕನಿಗೆ ನಾಲಿಗೆಯ ತುದಿಯಲ್ಲಿ ಬೆಲ್ಲ. “ಇಂಕು ಇಷ್ಟು ಬೇಗ ಹೆಂಗೆ ಮುಗೀತು?” ಎಂದು ಯಾರಾದರೂ ಕೇಳಿದರೆ, “ನನ್ನ ಕೇಳಿದ್ರೆ? ಕುಡಿದ್ರೇನೋ ನೋಡಿ,” ಎನ್ನುವವಳು ನಾನು. “ಮಕ್ಕಳು ಬಣ್ಣದ ಚಿತ್ರ ತೆಗೆದಿರ್ತಾರೆ ಬಿಡಿ. ಮುಂದಿನ ಸಲ ಒಂಚೂರು ಜಾಸ್ತಿ ಹಾಕೋಕೆ ಹೇಳ್ತೀನಿ,” ಎನ್ನುವವಳು ಅಕ್ಕ. ಹಾಗಾಗಿ ನಾನು ಒಳಗೆ, ಅವಳು ಹೊರಗೆ. ಹೆಗಲಿಗೆ ಚೀಲ ಹಾಕಿಕೊಂಡು ಖಾಲಿಯಾದದ್ದನ್ನು ತರುತ್ತಿದ್ದಳು, ತುಂಬಿಸಿದ್ದನ್ನು ಕೊಟ್ಟು ಬರುತ್ತಿದ್ದಳು. ನಮ್ಮಿಬ್ಬರ ಅನ್ನ ಹೀಗೆ ನಡೆಯುತ್ತಿತ್ತು.

ಈ ಕಸುಬಿಗೆ ಶತ್ರು ಎಂದರೆ ಅಪ್ಡೇಟ್. ಇಂಟರ್‌ನೆಟ್ ಇರುವ ಮನೆಯಲ್ಲಿ ಪ್ರಿಂಟರ್ ಆಗಾಗ ಬಹಳ ವಿನಯದಿಂದ ಕೇಳುತ್ತದೆ: ಹೊಸ ಅಪ್ಡೇಟ್ ಬಂದಿದೆ, ಹಾಕಿಕೊಳ್ಳಲೇ? ಹೌದು ಎಂದು ಒತ್ತಿದಿರೋ, ಕತೆ ಮುಗಿಯಿತು. ಅಂದಿನಿಂದ ಅದು ನಾನು ಅಳಿಸಿದ ಚಿಪ್ಪನ್ನು ಗುರುತು ಹಿಡಿದು, ‘ಇದು ಅಸಲಿ ಕಾರ್ಟ್ರಿಜ್ ಅಲ್ಲ’ ಎಂದು ಹಲ್ಲು ಕಚ್ಚಿಕೊಂಡು ಕೂರುತ್ತದೆ. ಒತ್ತಿದ್ದನ್ನು ಹಿಂದಕ್ಕೆ ತರುವ ದಾರಿ ಇಲ್ಲ. ಅದಕ್ಕೇ ಹೊಸದಾಗಿ ಯಾರು ನಮ್ಮ ಹತ್ತಿರ ಬಂದರೂ ಒಂದು ಸಲ ನಾನೇ ಅವರ ಮನೆಗೆ ಹೋಗಿ, ಅಪ್ಡೇಟ್ ತಾನಾಗಿ ಬರದಂತೆ ಬಂದ್ ಮಾಡಿ, ಎದುರಿಗೆ ನಿಲ್ಲಿಸಿಕೊಂಡು ಪಾಠ ಒಪ್ಪಿಸುತ್ತಿದ್ದೆ. “ಅದು ಏನೇ ಕೇಳ್ಲಿ, ಇಲ್ಲ ಅನ್ನಿ. ನಾನು ಇಲ್ಲಾ ನಮ್ಮಕ್ಕ, ಇಬ್ಬರಲ್ಲಿ ಒಬ್ಬರು ಬಂದು ಹೇಳಿದ್ರೆ ಮಾತ್ರ ಹೌದು ಅನ್ನಿ.” ಜನ ಈ ಮಾತನ್ನು ಎಷ್ಟು ನಿಷ್ಠೆಯಿಂದ ಪಾಲಿಸಿದರೆಂದರೆ, ಒಬ್ಬ ನಿವೃತ್ತ ಮೇಷ್ಟ್ರು ದೂರದಲ್ಲಿದ್ದ ಮಗಳು ಫೋನಿನಲ್ಲಿ “ಒತ್ತಪ್ಪಾ, ಏನೂ ಆಗಲ್ಲ” ಎಂದು ಗೋಗರೆದರೂ “ಇಂಕಮ್ಮನ್ನ ಕೇಳ್ಬೇಕು” ಎಂದು ಕೂತಿದ್ದರಂತೆ.

ಒಂದು ದಿನ ಊಟಕ್ಕೆ ಕೂತಾಗ ಅಕ್ಕ, “ಔಷಧಿ ಅಂಗಡೀಲಿ ಕೆಲಸಕ್ಕೆ ಕರೀತಿದಾರೆ ಕಣೇ. ಹೋಗ್ಲಾ?” ಎಂದಳು.

“ಹೋಗು. ಚೀಲ ಯಾರು ಹೊರ್ತಾರೆ?”

“ಬೆಳಿಗ್ಗೆ ಹೋಗ್ತಾ ಕೊಟ್ಟು ಹೋಗ್ತೀನಿ, ಸಂಜೆ ಬರ್ತಾ ತರ್ತೀನಿ. ನಿಂಗೇನೂ ತೊಂದ್ರೆ ಆಗಲ್ಲ, ಪುಟ್ಟಿ.”

ನನಗೆ ಖುಷಿಯೇ ಆಯಿತು. ಇಷ್ಟು ವರ್ಷ ಬಿಸಿಲಲ್ಲಿ ತಿರುಗಿದ್ದಾಳೆ, ಇನ್ನಾದರೂ ಫ್ಯಾನಿನ ಕೆಳಗೆ ಕೂರಲಿ ಎನಿಸಿತು. ಅಲ್ಲಿ ಬಿಳಿ ಶರ್ಟು ಹಾಕಬೇಕಂತೆ. ದಿನವೂ ಅದಕ್ಕೆ ಇಸ್ತ್ರಿ ಮಾಡಿಕೊಡುತ್ತಿದ್ದವಳು ನಾನೇ, ಬಣ್ಣ ಹತ್ತೀತೆಂದು ಎರಡೂ ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು.

ಆಮೇಲೆ ಪ್ರಿಂಟರುಗಳು ನಿಲ್ಲತೊಡಗಿದವು. ಮೊದಲು ಮೇಷ್ಟ್ರದು. ಆಮೇಲೆ ಟ್ಯೂಷನ್ ಹೇಳುವವರದು, ಮೂಲೆ ಮನೆಯ ದರ್ಜಿಯದು, ಅವರ ಎದುರು ಮನೆಯದು. ಎಲ್ಲ ಕಡೆಯೂ ಒಂದೇ ರಾಗ: ಅಸಲಿ ಅಲ್ಲ, ಅಸಲಿ ಅಲ್ಲ. ತುಂಬಿಸಿ ಕಳಿಸಿದ ಕಾರ್ಟ್ರಿಜ್ಜುಗಳು ಹೋದ ಹಾಗೇ ಅಕ್ಕನ ಚೀಲದಲ್ಲಿ ವಾಪಸು ಬಂದವು. ನಾನು ಕೇಳಿದ್ದು ಅದನ್ನೇ, “ಯಾರಾದ್ರೂ ಅಪ್ಡೇಟ್ ಒತ್ತಿದ್ರಾ ವಿಚಾರ್ಸು.”

“ಛೆ, ಎಲ್ಲರನ್ನೂ ಕೇಳ್ದೆ. ಯಾರೂ ಒತ್ತಿಲ್ವಂತೆ,” ಎಂದಳು ಅಕ್ಕ. “ನಿನ್ನ ರೀಸೆಟರ್‌ಗೇ ವಯಸ್ಸಾಗಿರ್ಬೇಕು ನೋಡು.”

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ನೆಲವನ್ನು ಬೈಯಲಿಲ್ಲ, ನನ್ನ ಕಾಲನ್ನೇ ಬೈದುಕೊಂಡೆ. ಹೊಸ ರೀಸೆಟರ್ ತರಿಸಿದೆ. ಚಿಪ್ಪುಗಳನ್ನು ರಬ್ಬರಿನಿಂದ ತಿಕ್ಕಿ ತಿಕ್ಕಿ ಹೊಳೆಸಿದೆ. ಬೇರೆ ಕಡೆಯಿಂದ ಇಂಕು ತರಿಸಿ ಮೊದಲಿನದನ್ನು ಬಚ್ಚಲಿಗೆ ಸುರಿದೆ. ಬಚ್ಚಲು ನಾಲ್ಕು ಬಣ್ಣದಲ್ಲಿ ಹರಿಯಿತು. ಏನು ಮಾಡಿದರೂ ಚಿಪ್ ನನ್ನೆದುರು ಹಸಿರು ದೀಪ ತೋರಿಸುತ್ತಿತ್ತು, ಜನರ ಮನೆಗೆ ಹೋಗಿ ಉಲ್ಟಾ ಹೊಡೆಯುತ್ತಿತ್ತು. ನನ್ನ ಕೈಗುಣವೇ ಹೋಯಿತೆಂದು ಒಂದು ಸಂಜೆ ಮೇಜಿನ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ. ಅಕ್ಕ ಬೆಚ್ಚಗಿನ ನೀರು, ಸೋಪು ತಂದು ಪಕ್ಕದಲ್ಲಿ ಕೂತು ನನ್ನ ಬೆರಳುಗಳನ್ನು ಒಂದೊಂದಾಗಿ ತಿಕ್ಕಿದಳು. “ಸಾಕು ಬಿಡೇ ಈ ಕೆಲಸ. ಕೈ ನೋಡು ಹೆಂಗಾಗಿದೆ. ಕಾಲ ಬದಲಾಯ್ತು ಅಂದ್ಕೊ,” ಎಂದಳು. ನಾನು ಅದನ್ನು ಪ್ರೀತಿ ಎಂದುಕೊಂಡು ಅವಳ ಹೆಗಲಿಗೆ ಒರಗಿದೆ.

ಉಳಿದಿದ್ದವರಲ್ಲಿ ಟೈಪಿಸ್ಟಮ್ಮ ಒಬ್ಬರು. ಗಂಡ ತೀರಿಹೋದ ಮೇಲೆ ಮನೆಯ ಮುಂದಿನ ಕೋಣೆಯಲ್ಲೇ ವಕೀಲರ ಕಾಗದ ಪತ್ರ ಟೈಪ್ ಮಾಡಿಕೊಟ್ಟು ಬದುಕುವ ಹೆಂಗಸು. ನನ್ನ ಮೊಟ್ಟಮೊದಲ ಗಿರಾಕಿ. ಒಂದು ಮಧ್ಯಾಹ್ನ ಅವರ ಫೋನು ಬಂತು.

“ಇಂಕಮ್ಮ, ನಂದೂ ನಿಂತೋಯ್ತು ಕಣ್ರೀ! ಸಂಜೆ ಒಳಗೆ ಕಾಗದ ಕೈ ಸೇರ್ಬೇಕು ಅಂತ ವಕೀಲರು ಕೂತಿದಾರೆ. ಇವತ್ತು ಕೊಡ್ಲಿಲ್ಲ ಅಂದ್ರೆ ಅವರು ಇನ್ನು ಈ ಕಡೆ ತಲೆ ಹಾಕಿ ಮಲಗಲ್ಲ. ನನ್ನ ಅನ್ನಕ್ಕೆ ಕಲ್ಲು ಬೀಳುತ್ತೆ.”

“ಗಾಬರಿ ಆಗ್ಬೇಡಿ. ಬಂದೆ. ಸಂಜೆ ಒಳಗೆ ಕಾಗದ ಆಗುತ್ತೆ, ಅದು ನನ್ನ ಜವಾಬ್ದಾರಿ,” ಎಂದೆ.

ಅಕ್ಕ ಕೆಲಸಕ್ಕೆ ಹೋಗಿದ್ದಳು. ಬಹಳ ದಿನಗಳ ಮೇಲೆ ಚೀಲ ನಾನೇ ಹೆಗಲಿಗೇರಿಸಿಕೊಂಡು ಹೊರಟೆ. ಅವರ ಮನೆಯಲ್ಲಿ ಕಾರ್ಟ್ರಿಜ್ ತೆಗೆದು ಒದ್ದೆ ಬಟ್ಟೆಗೆ ಒತ್ತಿ ನೋಡಿದರೆ ಕಪ್ಪು ಗೆರೆ ಕಾಡಿಗೆಯಂತೆ ಮೂಡಿತು. ಚಿಪ್ಪಿಗೆ ರೀಸೆಟರ್ ಒತ್ತಿದರೆ ಹಸಿರು. ಒಳಗೆ ಹಾಕಿದರೆ ಮತ್ತೆ ಅದೇ, ಅಸಲಿ ಅಲ್ಲ. ಸೆಟ್ಟಿಂಗಿನೊಳಗೆ ಹೋಗಿ ನೋಡಿದೆ. ನಾನು ನನ್ನ ಕೈಯಾರೆ ಬಂದ್ ಮಾಡಿ ಹೋಗಿದ್ದ ಅಪ್ಡೇಟ್ ಚಾಲೂ ಇತ್ತು, ಹೊಸದನ್ನು ಹಾಕಿಕೊಂಡೂ ಆಗಿತ್ತು.

“ಟೈಪಿಸ್ಟಮ್ಮ, ಹೌದು ಅಂತ ಒತ್ತಿದ್ರಾ?” ನನ್ನ ದನಿ ಗಡುಸಾಗಿಯೇ ಬಂತು.

ಅವರಿಗೆ ಸಿಟ್ಟು ಬಂತು. “ನಾನ್ಯಾಕಮ್ಮ ಒತ್ಲಿ? ನನಗೇನು ತಲೆ ಕೆಟ್ಟಿದ್ಯಾ? ನಿಮ್ಮಕ್ಕನೇ ಒತ್ತಿದ್ದು.”

“ಯಾರು?”

“ನಿಮ್ಮಕ್ಕ. ಮೊನ್ನೆ ಕಾರ್ಟ್ರಿಜ್ ಕೊಡೋಕೆ ಬಂದ್ರಲ್ಲ, ಅವಾಗ. ಇಂಕಮ್ಮ ಹೇಳಿ ಕಳ್ಸಿದಾಳೆ, ಇನ್ಮೇಲೆ ಬೇಗ ಬೇಗ ಅಚ್ಚಾಗುತ್ತೆ ಅಂದ್ರು. ಅಕ್ಕ ಬಂದು ಹೇಳಿದ್ರೆ ಹೌದು ಅನ್ನಿ ಅಂತ ನೀವೇ ತಾನೆ ಹೇಳಿದ್ದು?” ಅವರು ಕೀಬೋರ್ಡಿನ ಕೆಳಗಿನಿಂದ ಒಂದು ಕಾರ್ಡು ಎಳೆದರು. “ಏನಾದ್ರೂ ತೊಂದ್ರೆ ಆದ್ರೆ ಇಲ್ಲಿಗೆ ಬನ್ನಿ ಅಂತ ಇದನ್ನೂ ಕೊಟ್ಟು ಹೋದ್ರು. ನಾನು ಇಲ್ಲಿಗ್ಯಾಕೆ ಹೋಗ್ಲಿ, ನಮ್ಮ ಇಂಕಮ್ಮ ಇಲ್ವಾ ಅಂತ ನಿಮಗೇ ಫೋನ್ ಮಾಡ್ದೆ.”

ದೊಡ್ಡ ರಸ್ತೆಯಲ್ಲಿ ಹೊಸದಾಗಿ ಬಂದಿದ್ದ ಪ್ರಿಂಟರ್ ಅಂಗಡಿಯ ಕಾರ್ಡು ಅದು. ಕೆಳಗೆ ಅಕ್ಕನ ಹೆಸರಿತ್ತು. ಔಷಧಿ ಅಂಗಡಿಯಂತೆ! ಟೈಪಿಸ್ಟಮ್ಮ ಸುಳ್ಳು ಹೇಳುತ್ತಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಆ ಗಳಿಗೆಯಲ್ಲಿ ಆಸೆಪಟ್ಟೆ. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು? ಹೊರಗಿನವರು ಯಾರೇ ಬಂದಿದ್ದರೂ ಆ ಮನೆಗಳಲ್ಲಿ ಒಬ್ಬರೂ ಹೌದು ಎನ್ನುತ್ತಿರಲಿಲ್ಲ. ನಾನು ಹಾಕಿದ ಬೀಗಕ್ಕೆ ಇದ್ದದ್ದೇ ಎರಡು ಕೀಲಿ. ಒಂದನ್ನು ನಾನೇ ಅವಳ ಕೈಗೆ ಕೊಟ್ಟಿದ್ದೆ.

ಇಷ್ಟಾದರೂ ಸಂಜೆಯ ಕಾಗದ ಹಾಗೇ ಇತ್ತು. ಆ ಪ್ರಿಂಟರಿಗೆ ಇನ್ನು ಅಂಗಡಿಯ ಹೊಸ ಕಾರ್ಟ್ರಿಜ್ಜೇ ಆಗಬೇಕು, ಬೇರೆ ದಾರಿಯಿಲ್ಲ. “ಒಂಚೂರು ಹೊತ್ತು ಕೊಡಿ. ನಾನೇ ತಂದು ಹಾಕಿ ಕೊಡ್ತೀನಿ,” ಎಂದು ಹೇಳಿ ಹೊರಟೆ. ದಾರಿಯುದ್ದಕ್ಕೂ ಬಾಯಿಗೆ ಬಂದದ್ದನ್ನೆಲ್ಲ ಬೈದುಕೊಂಡೇ ಹೋದೆ.

ಅಂಗಡಿಗೆ ಗಾಜಿನ ಬಾಗಿಲು. ಒಳಗೆ ಹಲ್ಲು ಕಟಕಟಿಸುವ ತಂಪು, ಹಾಲಿನಂಥ ಬಿಳಿಯ ಕೌಂಟರು. ಅದರ ಹಿಂದೆ ನಾನು ಬೆಳಿಗ್ಗೆ ಇಸ್ತ್ರಿ ಮಾಡಿದ ಶರ್ಟಿನಲ್ಲಿ ಅಕ್ಕ ನಿಂತಿದ್ದಳು. ಪಕ್ಕದ ಮೇಜಿನಲ್ಲಿ ಮ್ಯಾನೇಜರ್ ಫೋನಿನಲ್ಲಿದ್ದ. ನನ್ನನ್ನು ಕಂಡದ್ದೇ ಅಕ್ಕನ ಮುಖ ಬಿಳಿಚಿಕೊಂಡಿತು. ಆಮೇಲೆ ಅವಳು ನಕ್ಕಳು.

“ಬನ್ನಿ ಮೇಡಂ. ಏನು ಬೇಕಿತ್ತು?”

“ಮೇಡಮ್ಮಾ?” ಎಂದೆ.

“ಮೆಲ್ಲಗೆ ಮಾತಾಡೇ, ನಿನ್ನ ದಮ್ಮಯ್ಯ,” ಎಂದಳು ತುಟಿಯಲ್ಲೇ. “ಸರ್‌ಗೆ ನೀನ್ಯಾರು ಅಂತ ಗೊತ್ತಿಲ್ಲ. ಮನೇಲಿ ಎಲ್ಲಾ ಹೇಳ್ತೀನಿ.”

“ಎಷ್ಟು ಮನೇಲಿ ಒತ್ತಿದೆ?”

ಅವಳು ಮ್ಯಾನೇಜರ್ ಕಡೆ ಕಣ್ಣು ಹಾಯಿಸಿದಳು.

“ಎಲ್ಲಾ ಕಡೆನೂನಾ?”

“ಕೆಲಸ ಕೇಳ್ಕೊಂಡು ಬಂದಾಗ ಇವರು ಕೇಳಿದ್ದೇ ಅದು ಕಣೇ. ಆ ಬೀದಿಯೋರು ಯಾಕೆ ಯಾರೂ ನಮ್ಮ ಹತ್ರ ಕೊಳ್ಳಲ್ಲ, ಯಾರ ಮನೇಲಿ ಯಾವ ಪ್ರಿಂಟರ್ ಇದೆ ಅಂತ. ನಂಗೆ ಗೊತ್ತಿದ್ದಿದ್ದು ಅದೊಂದೇ. ಓದಿದೀನಾ ನಾನು? ನಿನ್ನಂಗೆ ಕೈಯಲ್ಲಿ ಕಸುಬಿದ್ಯಾ?”

“ನನ್ನನ್ನ ಒಂದು ಮಾತು ಕೇಳ್ಬಹುದಿತ್ತಲ್ಲ.”

“ಕೇಳಿದ್ರೆ ಬೇಡ ಅಂತಿದ್ದೆ.”

ಅದು ನಿಜ. ಬೇಡ ಎನ್ನುವುದೇನು, ಮನೆ ಮಾರು ಒಂದು ಮಾಡುತ್ತಿದ್ದೆ. ನಿಜವಾದ ಮಾತು ಅವಳ ಬಾಯಲ್ಲಿ ಬಂತೆಂದು ನನಗೆ ಇನ್ನೂ ಸಿಟ್ಟು ಬಂತು.

“ಇಷ್ಟು ವರ್ಷ ಆ ಮೆಟ್ಟಿಲೆಲ್ಲ ಹತ್ತಿ ಇಳಿದೆ. ಒಬ್ಬರಿಗಾದ್ರೂ ನನ್ನ ಹೆಸರು ಗೊತ್ತಾ, ಹೋಗಿ ಕೇಳು,” ಎಂದಳು ಅಕ್ಕ. “ಇಂಕಮ್ಮನ ಅಕ್ಕ ಬಂದ್ರು. ಇಂಕಮ್ಮನ ಅಕ್ಕಂಗೆ ನೀರು ಕೊಡಿ. ಸಾಕಿದ್ದು ನಾನು, ಹೆಸರು ನಿಂದು. ಇಲ್ನೋಡು.” ಶರ್ಟಿನ ಜೇಬಿನ ಮೇಲೆ ಅವಳ ಹೆಸರಿನ ಬಿಲ್ಲೆ ಇತ್ತು. ಅದನ್ನು ಎರಡು ಬೆರಳಲ್ಲಿ ಹಿಡಿದು ತೋರಿಸಿದಳು.

ಚುರುಕ್ ಎಂದಿತು, ಇಲ್ಲವೆನ್ನುವುದಿಲ್ಲ. ಆದರೆ ಅದಕ್ಕಿಂತ ಆಳಕ್ಕೆ ಇನ್ನೊಂದು ಚುಚ್ಚಿಕೊಂಡಿತ್ತು. “ನಿನ್ನ ಹೆಸರು ಮಾಡ್ಕೊಳ್ಳೋಕೂ ನನ್ನ ಹೆಸರೇ ಬೇಕಾಯ್ತಾ ಅಕ್ಕ? ಇಂಕಮ್ಮ ಹೇಳಿದಾಳೆ ಅಂತ ಹೇಳೇ ಒತ್ತಿದ್ಯಲ್ಲ. ಹೋಗ್ಲಿ, ಕೆಲಸಕ್ಕೋಸ್ಕರ ಒತ್ತಿದೆ. ನಾನು ಅಳ್ತಾ ಕೂತಾಗ ಪಕ್ಕದಲ್ಲಿ ಕೂತು ಕೈ ತೊಳೆದ್ಯಲ್ಲ, ರೀಸೆಟರ್‌ಗೆ ವಯಸ್ಸಾಯ್ತು ಅಂದ್ಯಲ್ಲ, ಅದು ಯಾವ ಕೆಲಸಕ್ಕೆ?”

ಅವಳ ಕಣ್ಣು ತುಂಬಿತು. ಬಾಯಿ ತೆರೆಯುವಷ್ಟರಲ್ಲಿ ಮ್ಯಾನೇಜರ್ ಫೋನಿಟ್ಟು ಎದ್ದು ಬಂದ.

“ಏನು, ಪರಿಚಯದೋರಾ?”

“ಇಲ್ಲ ಸರ್. ಕಸ್ಟಮರ್,” ಎಂದಳು ಅಕ್ಕ.

ಯೋಚನೆ ಮಾಡಲು ಒಂದು ಕ್ಷಣವನ್ನೂ ತೆಗೆದುಕೊಳ್ಳಲಿಲ್ಲ. ಅಷ್ಟು ಸಲೀಸಾಗಿ ಬಂತು ಮಾತು.

ಮ್ಯಾನೇಜರ್ ಕೌಂಟರಿನ ಮೇಲಿದ್ದ ನನ್ನ ಕೈ ನೋಡಿದ. “ಅಯ್ಯಯ್ಯೋ, ಏನಮ್ಮ ಇದು! ಆ ಇಂಕಮ್ಮ ಅನ್ನೋಳ ಹತ್ರ ತುಂಬಿಸಿದ್ರಾ? ಲೀಕಾಗಿ ಕೈಯೆಲ್ಲ ಬಣ್ಣ ಆಯ್ತಾ? ಹಿಂಗೇ ಆಗೋದು. ನಮ್ಮ ಮೇಡಂ ಎಲ್ಲರಿಗೂ ಹೇಳ್ತಾನೇ ಇದಾರೆ, ಅಲ್ವಾ ಮೇಡಂ?” ಎಂದು ಹೊಟ್ಟೆ ಕುಲುಕಿಸಿ ನಕ್ಕ.

ಅಕ್ಕನೂ ನಕ್ಕಳು. “ಹೌದು ಸರ್. ಅಗ್ಗದ ಆಸೆಗೆ ಹೋಗ್ತಾರೆ,” ಎಂದಳು.

ನಾನೇ ಇಂಕಮ್ಮ, ಇವಳು ನನ್ನ ಒಡಹುಟ್ಟಿದವಳು ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಆ ಬಿಲ್ಲೆ ಸಂಜೆಯೊಳಗೆ ಶರ್ಟಿನಿಂದ ಕಳಚಿ ಬೀಳುತ್ತಿತ್ತು. ಮಾತು ನಾಲಿಗೆಯ ತುದಿಯವರೆಗೂ ಬಂದಿತ್ತು. ಅಕ್ಕನಿಗೂ ಅದು ಗೊತ್ತಿತ್ತು. ನಗುತ್ತಿದ್ದರೂ ಅವಳ ಕೈ ಎದೆಯ ಮೇಲಿನ ಬಿಲ್ಲೆಯನ್ನು ಮುಚ್ಚಿ ಹಿಡಿದಿತ್ತು. ಚಿಲ್ಲರೆ ವಿಷಯಕ್ಕೆಲ್ಲ ಊರು ಒಂದಾಗುವಂತೆ ಕೂಗುವ ನಾನು, ಆ ಕೈ ನೋಡಿ ಸುಮ್ಮನಾದೆ. ಕನಿಕರವೋ ಅಸಹ್ಯವೋ ನನಗೇ ಗೊತ್ತಿಲ್ಲ. ಟೈಪಿಸ್ಟಮ್ಮನ ಪ್ರಿಂಟರಿನ ಮಾಡೆಲ್ ಹೇಳಿ, “ಕಪ್ಪು ಒಂದು ಕೊಡಿ,” ಎಂದೆ.

ಅಕ್ಕ ಡಬ್ಬಿ ತಂದಿಟ್ಟಳು. ನಾನು ದುಡ್ಡು ಕೊಟ್ಟೆ.

“ಬಿಲ್ಲಿಗೆ ಹೆಸರು ಕೇಳ್ಕೊಳ್ಳಿ ಮೇಡಂ,” ಎಂದ ಮ್ಯಾನೇಜರ್, ಅಲ್ಲೇ ನಿಂತು.

ಅಕ್ಕ ಕಂಪ್ಯೂಟರಿನ ಪರದೆಯ ಕಡೆಗೇ ನೋಡುತ್ತಾ, “ನಿಮ್ಮ ಹೆಸರು ಮೇಡಂ?” ಎಂದಳು.

ನಾನು ಹುಟ್ಟಿದಾಗ ಮನೆಯವರು ಬೇರೆ ಏನೋ ಹೆಸರಿಡಲು ಹೊರಟಿದ್ದರಂತೆ. ಇದೇ ಇಡಬೇಕು ಎಂದು ಹಠ ಹಿಡಿದು, ಊಟ ಬಿಟ್ಟು, ತನಗೆ ಬೇಕಾದ ಹೆಸರನ್ನು ಇಡಿಸಿದವಳು ಅಕ್ಕ. ಆ ಹೆಸರನ್ನು ನಾನು ಅವಳಿಗೆ ಬಿಡಿಸಿ ಬಿಡಿಸಿ ಹೇಳಿದೆ. ಅವಳು ಟೈಪ್ ಮಾಡಿದಳು.

“ಇನಿಷಿಯಲ್?”

“ನಿಮ್ದೇನೋ ಅದೇ ಹಾಕ್ಕೊಳ್ಳಿ.”

ಗಿರಾಕಿ ತಮಾಷೆ ಮಾಡುತ್ತಿದ್ದಾಳೆ ಎಂದುಕೊಂಡು ಮ್ಯಾನೇಜರ್ ಮತ್ತೆ ನಕ್ಕ. ಅಕ್ಕ ತಲೆಯೆತ್ತಲಿಲ್ಲ. ಅವಳ ಬೆರಳು ಸ್ವಲ್ಪ ಹೊತ್ತು ಕೀಲಿಗಳ ಮೇಲೆ ಹಾಗೇ ನಿಂತಿತು. ಆಮೇಲೆ ಅಪ್ಪನ ಹೆಸರಿನ ಮೊದಲಕ್ಷರ ಒತ್ತಿ, ಬಿಲ್ಲು ಹರಿದು, ಡಬ್ಬಿಯ ಜೊತೆ ನನ್ನ ಕಡೆ ಸರಿಸಿದಳು.

“ಥ್ಯಾಂಕ್ಯೂ ಮೇಡಂ. ಮತ್ತೆ ಬನ್ನಿ.”

ಗಾಜಿನ ಬಾಗಿಲು ತಳ್ಳಿ ಹೊರಗೆ ಬಂದು ಟೈಪಿಸ್ಟಮ್ಮನ ಮನೆಯ ಕಡೆ ಬೇಗ ಬೇಗ ಹೆಜ್ಜೆ ಹಾಕಿದೆ. ಕಾಗದ ಹೊತ್ತಿಗೆ ಸರಿಯಾಗಿ ಆಗುವುದರಲ್ಲಿ ನನಗೆ ಅನುಮಾನವಿರಲಿಲ್ಲ. ಸಂಜೆ ಅವಳು ಮನೆಗೆ ಬಂದು ಬಾಗಿಲು ತಟ್ಟಿದಾಗ ಅವಳನ್ನು ಏನೆಂದು ಕರೆಯುವುದು, ಅದೊಂದೇ ನನಗೆ ತಿಳಿಯಲಿಲ್ಲ.